ಎಪಿಡರ್ಮೊಲೈಸಿಸ್ ಬುಲ್ಲೋಸಾ

ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬುದು ಅತ್ಯಲ್ಪ ಉಜ್ಜುವಿಕೆ ಅಥವಾ ಒತ್ತಡಕ್ಕೂ ಚರ್ಮದ ಪದರಗಳು ಬೇರ್ಪಟ್ಟು ನೀರುಗುಳ್ಳೆಗಳು ಏಳುವ ಅಪರೂಪದ ಆನುವಂಶಿಕ ರೋಗಗಳ ಗುಂಪು. ಇದನ್ನು ಸಂಕ್ಷಿಪ್ತವಾಗಿ ಇ.ಬಿ. ಎಂದು ಕರೆಯಲಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ರೋಗದ ಲಕ್ಷಣಗಳು ಹುಟ್ಟಿನಲ್ಲೇ ಅಥವಾ ಜನನದ ನಂತರದ ಕೆಲವೇ ದಿನಗಳಲ್ಲಿ ಕಾಣಿಸಿಕೊಳ್ಳುತ್ತವೆ. ಚರ್ಮವು ಚಿಟ್ಟೆಯ ರೆಕ್ಕೆಯಷ್ಟು ಸೂಕ್ಷ್ಮವಾಗಿರುವುದರಿಂದ ಈ ರೋಗವಿರುವ ಮಕ್ಕಳನ್ನು ಹಲವು ದೇಶಗಳಲ್ಲಿ ‘ಚಿಟ್ಟೆ ಮಕ್ಕಳು’ ಎಂದು ಕರೆಯುವ ವಾಡಿಕೆಯಿದೆ. ಇದು ಸಾಂಕ್ರಾಮಿಕ ರೋಗವಲ್ಲ. ಮುಟ್ಟುವುದರಿಂದಾಗಲಿ, ಬಟ್ಟೆಬರೆಗಳಿಂದಾಗಲಿ, ತಾಯಿಯ ಹಾಲಿನಿಂದಾಗಲಿ ಹರಡುವುದಿಲ್ಲ.

ಅಮೆರಿಕದ ರಾಷ್ಟ್ರೀಯ ನೋಂದಣಿಯಲ್ಲಿ 1986ರಿಂದ 2002ರವರೆಗೆ ಸಂಗ್ರಹವಾದ ಮಾಹಿತಿಯ ಪ್ರಕಾರ ಪ್ರತಿ 10 ಲಕ್ಷ ಸಜೀವ ಜನನಗಳಲ್ಲಿ ಸುಮಾರು 20 ಶಿಶುಗಳಿಗೆ ಈ ರೋಗವಿರುತ್ತದೆ. ಗಂಡು ಮತ್ತು ಹೆಣ್ಣು ಮಕ್ಕಳಲ್ಲಿ ಇದು ಸಮಾನವಾಗಿ ಕಂಡುಬರುತ್ತದೆ. ಯಾವುದೇ ಜನಾಂಗಕ್ಕೆ ಸೀಮಿತವಾದುದಲ್ಲ.

ಹೆಸರು ಮತ್ತು ಇತಿಹಾಸ

ಜರ್ಮನಿಯ ವೈದ್ಯ ಹೈನ್ರಿಖ್ ಕೋಬ್ನರ್ 1886ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ‘ಎಪಿಡರ್ಮಿಸ್’ ಎಂದರೆ ಹೊರಚರ್ಮ, ‘ಲೈಸಿಸ್’ ಎಂದರೆ ಬಿಡಿಬಿಡಿಯಾಗುವುದು, ‘ಬುಲ್ಲಾ’ ಎಂದರೆ ದೊಡ್ಡ ಗುಳ್ಳೆ. ಹೆಸರು ಹೊರಚರ್ಮ ಕರಗುತ್ತದೆಂದು ಸೂಚಿಸಿದರೂ ರೋಗದ ಹಲವು ಬಗೆಗಳಲ್ಲಿ ಹೊರಚರ್ಮ ಗಟ್ಟಿಯಾಗಿಯೇ ಇದ್ದು, ಅದನ್ನು ಕೆಳಗಿನ ಪದರಕ್ಕೆ ಹಿಡಿದಿಡುವ ಬೆಸುಗೆ ಮಾತ್ರ ದುರ್ಬಲವಾಗಿರುತ್ತದೆ. ಆದ್ದರಿಂದ ಹೆಸರು ಪೂರ್ತಿ ಸರಿಯಲ್ಲ. ಆದರೆ ಅದೇ ನಿಂತುಬಿಟ್ಟಿದೆ. 1962ರಲ್ಲಿ ಪಿಯರ್ಸನ್ ಎಂಬ ವಿಜ್ಞಾನಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಚರ್ಮವು ಯಾವ ಮಟ್ಟದಲ್ಲಿ ಸೀಳುತ್ತದೆ ಎಂಬುದರ ಆಧಾರದ ಮೇಲೆ ರೋಗವನ್ನು ವಿಂಗಡಿಸಿದನು. ಇಂದಿನ ವರ್ಗೀಕರಣಕ್ಕೂ ಅದೇ ತಳಹದಿ.

ಕಾರಣ

ಚರ್ಮದಲ್ಲಿ ಹೊರಚರ್ಮ ಮತ್ತು ಒಳಚರ್ಮ ಎಂಬ ಎರಡು ಮುಖ್ಯ ಪದರಗಳಿವೆ. ಇವೆರಡರ ನಡುವೆ ಆಧಾರ ಪೊರೆ ಎಂಬ ತೆಳುವಾದ ಸಂಧಿವಲಯವಿದೆ. ಹೊರಚರ್ಮದ ಕೆಳಸಾಲಿನ ಜೀವಕೋಶಗಳಿಗೆ ಒಳಗಿನಿಂದ ಬಲ ಕೊಡುವುದು ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳು. ಆ ಕೋಶಗಳನ್ನು ಆಧಾರ ಪೊರೆಗೆ ಅಂಟಿಸುವುದು ಲ್ಯಾಮಿನಿನ್ 332, 17ನೇ ಬಗೆಯ ಕೊಲಾಜನ್ ಮೊದಲಾದವು. ಆಧಾರ ಪೊರೆಯನ್ನು ಒಳಚರ್ಮಕ್ಕೆ ಬಿಗಿಯುವ ಕೊಂಡಿಗಳು 7ನೇ ಬಗೆಯ ಕೊಲಾಜನ್‌ನಿಂದ ಆದವು. ಈ ಪ್ರೋಟೀನುಗಳಲ್ಲಿ ಯಾವುದಾದರೊಂದನ್ನು ತಯಾರಿಸುವ ವಂಶವಾಹಿಯಲ್ಲಿ ದೋಷವಿದ್ದರೆ ಆ ಮಟ್ಟದಲ್ಲಿ ಚರ್ಮ ಸಡಿಲಗೊಳ್ಳುತ್ತದೆ. ಉಜ್ಜಿದಾಗ ಪದರಗಳು ಒಂದರ ಮೇಲೊಂದು ಜಾರಿ, ನಡುವಿನ ಎಡೆಯಲ್ಲಿ ನೀರು ತುಂಬುತ್ತದೆ. ಅದೇ ಗುಳ್ಳೆ.

ಸೀಳುವ ಮಟ್ಟಕ್ಕೆ ಅನುಸಾರವಾಗಿ ರೋಗದಲ್ಲಿ ನಾಲ್ಕು ಮುಖ್ಯ ಬಗೆಗಳನ್ನು ಗುರುತಿಸಲಾಗಿದೆ. ಹೊರಚರ್ಮದ ಕೋಶಗಳೊಳಗೆ ಸೀಳಿದರೆ ಸಿಂಪ್ಲೆಕ್ಸ್, ಆಧಾರ ಪೊರೆಯೊಳಗೆ ಸೀಳಿದರೆ ಜಂಕ್ಷನಲ್, ಅದರ ಕೆಳಗೆ ಸೀಳಿದರೆ ಡಿಸ್ಟ್ರೋಫಿಕ್. ಒಂದಕ್ಕಿಂತ ಹೆಚ್ಚು ಮಟ್ಟಗಳಲ್ಲಿ ಸೀಳುವುದು ಕಿಂಡ್ಲರ್ ಬಗೆ. ಈ ನಾಲ್ಕರೊಳಗೆ ಇನ್ನೂ ಅನೇಕ ಉಪಬಗೆಗಳಿವೆ.

ನವಜಾತ ಶಿಶುವಿನಲ್ಲಿ ಲಕ್ಷಣಗಳು

ಗುಳ್ಳೆಗಳು ಏಳುವ ಜಾಗವೇ ಈ ರೋಗದ ಮೊದಲ ಸುಳಿವು. ಸೋಂಕಿನಿಂದ ಬರುವ ಗುಳ್ಳೆಗಳು ಮೈಮೇಲೆ ಎಲ್ಲೆಂದರಲ್ಲಿ ಏಳಬಹುದು, ಇ.ಬಿ.ಯ ಗುಳ್ಳೆಗಳು ಮಗುವನ್ನು ಹಿಡಿದ, ಎತ್ತಿದ, ಉಜ್ಜಿದ, ಕಟ್ಟಿದ ಜಾಗಗಳನ್ನು ಅನುಸರಿಸುತ್ತವೆ. ಹೆರಿಗೆಯ ನಂತರ ಒರೆಸಿದ ಬೆನ್ನು, ಗುರುತಿನ ಪಟ್ಟಿ ಕಟ್ಟಿದ ಮಣಿಕಟ್ಟು, ಹೊಕ್ಕುಳಬಳ್ಳಿಯ ಕ್ಲಿಪ್ ತಾಗುವ ಹೊಟ್ಟೆ, ಲಂಗೋಟಿಯ ಅಂಚು ತಾಗುವ ತೊಡೆ, ಅಂಟುಪಟ್ಟಿ ಕಿತ್ತ ಕೆನ್ನೆ, ಕಂಕುಳಿಗೆ ಕೈಕೊಟ್ಟು ಎತ್ತಿದಾಗ ಬೆರಳು ಒತ್ತಿದ ಎದೆಯ ಪಕ್ಕ, ಒಂದಕ್ಕೊಂದು ತಿಕ್ಕಿಕೊಳ್ಳುವ ಹಿಮ್ಮಡಿಗಳು, ಹೀಗೆ. ಅಂಟುಪಟ್ಟಿಯನ್ನು ತೆಗೆದಾಗ ಚರ್ಮವೂ ಅದರೊಂದಿಗೆ ಹಾಳೆಯಂತೆ ಎದ್ದು ಬರುವುದು ಹಲವು ವೇಳೆ ವೈದ್ಯರಿಗೆ ಮೊದಲ ಸಂಶಯ ಹುಟ್ಟಿಸುವ ಘಟನೆಯಾಗಿರುತ್ತದೆ.

ಗುಳ್ಳೆಗಳಲ್ಲಿ ತಿಳಿನೀರು ಇರಬಹುದು, ರಕ್ತಮಿಶ್ರಿತ ದ್ರವವೂ ಇರಬಹುದು. ಅವು ತಾವಾಗಿ ನಿಲ್ಲುವುದಿಲ್ಲ. ಒಡೆಯದಿದ್ದರೆ ಒಳಗಿನ ದ್ರವದ ಒತ್ತಡದಿಂದಲೇ ಸುತ್ತಲಿನ ಚರ್ಮವನ್ನು ಸೀಳುತ್ತಾ ಅಗಲವಾಗುತ್ತವೆ. ಒಡೆದ ಮೇಲೆ ಕೆಂಪಗಿನ ಹಸಿಗಾಯ ಉಳಿಯುತ್ತದೆ. ಕೆಲವು ಶಿಶುಗಳು ಹುಟ್ಟುವಾಗಲೇ ಒಂದು ಅಥವಾ ಎರಡೂ ಕಾಲುಗಳ ಮೊಣಕಾಲಿನಿಂದ ಕೆಳಗೆ ಚರ್ಮವಿಲ್ಲದೆ, ಕೆಂಪಾಗಿ ಹೊಳೆಯುವ, ಸ್ಪಷ್ಟ ಅಂಚಿನ ಗಾಯದೊಂದಿಗೆ ಹುಟ್ಟುತ್ತವೆ. ಗರ್ಭದಲ್ಲಿ ಮಗು ಕಾಲುಗಳನ್ನು ಪರಸ್ಪರ ತಿಕ್ಕುವುದರಿಂದ ಹೀಗಾಗುತ್ತದೆ ಎಂದು ಭಾವಿಸಲಾಗಿದೆ. 1966ರಲ್ಲಿ ಬಾರ್ಟ್ ಎಂಬ ವೈದ್ಯ ಇದನ್ನು ಪ್ರತ್ಯೇಕ ರೋಗವೆಂದು ವರ್ಣಿಸಿದ್ದನು, ಇ.ಬಿ.ಯ ಯಾವುದೇ ಮುಖ್ಯ ಬಗೆಯಲ್ಲಿ ಇದು ಕಾಣಬಹುದು ಎಂಬುದು ನಂತರ ತಿಳಿಯಿತು.

ಚರ್ಮದಷ್ಟೇ ಮುಖ್ಯವಾದುದು ಬಾಯಿ. ಒಸಡು, ನಾಲಿಗೆ ಮತ್ತು ಅಂಗುಳಿನಲ್ಲಿ ಗುಳ್ಳೆಗಳಾದ ಮಗು ಹಸಿವಿನಿಂದ ಮೊಲೆಗೆ ಬಾಯಿ ಹಾಕಿ, ನೋವಿನಿಂದ ತಕ್ಷಣ ಬಿಟ್ಟು ಅಳುತ್ತದೆ. ತೂಕ ಏರದಿರುವುದಕ್ಕೆ ಇದೊಂದು ಕಾರಣ. ಗಾಯಗಳ ಮೂಲಕ ನೀರು ಮತ್ತು ಪ್ರೋಟೀನು ನಿರಂತರವಾಗಿ ಸೋರಿಹೋಗುವುದು ಇನ್ನೊಂದು.

ಉಗುರುಗಳು ದಪ್ಪಗಾಗುವುದು, ಸೊಟ್ಟಗಾಗುವುದು ಅಥವಾ ಉದುರುವುದು, ವಾಸಿಯಾದ ಜಾಗದಲ್ಲಿ ರಾಗಿಕಾಳಿನಷ್ಟು ಸಣ್ಣ ಬಿಳಿ ಗಂಟುಗಳು ಏಳುವುದು, ಕಲೆ ಉಳಿಯುವುದು ಮುಂತಾದ ಲಕ್ಷಣಗಳು ಕಾಣಿಸಲು ವಾರಗಳು ಅಥವಾ ತಿಂಗಳುಗಳು ಬೇಕು. ಆದ್ದರಿಂದ ಮೊದಲ ದಿನಗಳಲ್ಲಿ ಇವುಗಳ ಗೈರುಹಾಜರಿಯಿಂದ ಏನನ್ನೂ ನಿರ್ಧರಿಸಲಾಗದು.

ಬಗೆಗಳಿಗೆ ಅನುಸಾರವಾಗಿ ಲಕ್ಷಣಗಳು

ಸಿಂಪ್ಲೆಕ್ಸ್ ಎಲ್ಲಕ್ಕಿಂತ ಸಾಮಾನ್ಯವಾದ ಬಗೆ. ಇದರ ಸೌಮ್ಯ ರೂಪದಲ್ಲಿ ಶಿಶು ಅಂಬೆಗಾಲಿಡುವ ಅಥವಾ ನಡೆಯಲು ಕಲಿಯುವವರೆಗೆ ಏನೂ ಕಾಣದೆ, ನಂತರ ಮಂಡಿ, ಅಂಗೈ ಮತ್ತು ಅಂಗಾಲುಗಳಲ್ಲಿ ಗುಳ್ಳೆಗಳು ಏಳುತ್ತವೆ. ಬೆವರು ಮತ್ತು ಸೆಕೆ ಇದನ್ನು ಉಲ್ಬಣಗೊಳಿಸುತ್ತವೆ. ಬೇಸಿಗೆಯ ರಾಯಚೂರು ಅಥವಾ ಕಲಬುರಗಿಯ ಬಿಸಿಲು ಇಂತಹ ಮಗುವಿಗೆ ಬೆಂಗಳೂರಿನ ಹವೆಗಿಂತ ಕಷ್ಟಕರ. ತೀವ್ರ ರೂಪದಲ್ಲಿ ಹುಟ್ಟಿನಿಂದಲೇ ಮೈತುಂಬ ಗುಳ್ಳೆಗಳಿದ್ದು, ಕ್ರಮೇಣ ಅವು ಗೊಂಚಲು ಗೊಂಚಲಾಗಿ ಏಳತೊಡಗುತ್ತವೆ. ನೋಡಲು ಭಯಾನಕವಾಗಿದ್ದರೂ ಆರಂಭದ ಅಪಾಯವನ್ನು ದಾಟಿದ ಮಕ್ಕಳಲ್ಲಿ ವಯಸ್ಸಾದಂತೆ ಗುಳ್ಳೆಗಳು ಕಡಿಮೆಯಾಗುವುದುಂಟು. ಸಾಮಾನ್ಯವಾಗಿ ಗಾಯಗಳು ಕಲೆಯಿಲ್ಲದೆ ಮಾಯುತ್ತವೆ.

ಜಂಕ್ಷನಲ್ ಬಗೆಯ ತೀವ್ರ ರೂಪವನ್ನು 1935ರಲ್ಲಿ ಹೆರ್ಲಿಟ್ಸ್ ವರ್ಣಿಸಿದನು. ಇಲ್ಲಿ ಮೇಲ್ನೋಟ ಮೋಸ ಮಾಡುತ್ತದೆ. ಹುಟ್ಟಿದಾಗ ಕೆಲವೇ ಗುಳ್ಳೆಗಳಿದ್ದು, ಮಗು ಚೆನ್ನಾಗಿಯೇ ಇರುವಂತೆ ತೋರಬಹುದು. ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅಳುವಿನ ದನಿ ಗೊಗ್ಗರಾಗುತ್ತದೆ. ಅದು ಗಂಟಲಿನ ಧ್ವನಿಪೆಟ್ಟಿಗೆಗೂ ರೋಗ ತಲುಪಿರುವುದರ ಸೂಚನೆ. ಬಾಯಿ ಮತ್ತು ಮೂಗಿನ ಸುತ್ತ, ಬೆರಳ ತುದಿಗಳಲ್ಲಿ ಕೆಂಪು ಮಾಂಸದಂತಹ ಬೆಳವಣಿಗೆ ತುಂಬಿಕೊಳ್ಳುವುದು ಈ ಬಗೆಯ ವಿಶಿಷ್ಟ ಲಕ್ಷಣ. ಮಗು ಬೆಳೆಯುವುದು ನಿಲ್ಲುತ್ತದೆ. ಸೋಂಕು, ಉಸಿರಾಟದ ತಡೆ ಅಥವಾ ಕೃಶತೆಯಿಂದ ಬಹುಪಾಲು ಶಿಶುಗಳು ಮೊದಲ ಎರಡು ವರ್ಷಗಳೊಳಗೆ ಸಾವನ್ನಪ್ಪುತ್ತವೆ. ಮಧ್ಯಮ ರೂಪವಿರುವವರು ದೊಡ್ಡವರಾಗಿ ಬದುಕುತ್ತಾರೆ. ಅವರಲ್ಲಿ ಹಲ್ಲಿನ ಹೊರಕವಚದ ದೋಷ ಮತ್ತು ಕೂದಲುದುರುವಿಕೆ ಪ್ರಧಾನ. ಇನ್ನೊಂದು ಅಪರೂಪದ ರೂಪದಲ್ಲಿ ಜಠರದ ನಿರ್ಗಮದ್ವಾರವೇ ಮುಚ್ಚಿಕೊಂಡಿದ್ದು, ಹಾಲೂಡಿಸಿದ ಕೂಡಲೇ ವಾಂತಿಯಾಗುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಬೇಕು.

ಡಿಸ್ಟ್ರೋಫಿಕ್ ಬಗೆ ಪ್ರಬಲ ಮತ್ತು ಅಪ್ರಬಲ ಎಂಬ ಎರಡು ರೀತಿಯ ಆನುವಂಶಿಕತೆಯಿಂದ ಬರುತ್ತದೆ. ಪ್ರಬಲ ರೂಪ ಸಾಮಾನ್ಯವಾಗಿ ಸೌಮ್ಯ: ಮಂಡಿ, ಮೊಣಕೈಗಳಲ್ಲಿ ಗುಳ್ಳೆ, ಕಲೆ, ಸೊಟ್ಟ ಉಗುರು. ಅಪ್ರಬಲ ತೀವ್ರ ರೂಪದಲ್ಲಿ ಗಾಯ ಮಾಯುವುದೇ ಹೊಸ ಸಮಸ್ಯೆಗೆ ದಾರಿ. ಪ್ರತಿಯೊಂದು ಗಾಯವೂ ಕಲೆಗಟ್ಟಿ ಕುಗ್ಗುವುದರಿಂದ ಬೆರಳುಗಳು ಒಂದಕ್ಕೊಂದು ಬೆಸೆದು, ಕೊನೆಗೆ ಇಡೀ ಹಸ್ತವು ಚೀಲದೊಳಗಿನ ಮುಷ್ಟಿಯಂತಾಗುತ್ತದೆ. ಅನ್ನನಾಳವೂ ಹೀಗೆಯೇ ಕಿರಿದಾಗುವುದರಿಂದ ಗಟ್ಟಿ ಆಹಾರ ನುಂಗಲಾಗುವುದಿಲ್ಲ. ರಕ್ತಹೀನತೆ, ಮಲಬದ್ಧತೆ, ಕಣ್ಣಿನ ಪಾರದರ್ಶಕ ಪೊರೆಯ ಗಾಯ ಇವರಲ್ಲಿ ಸಾಮಾನ್ಯ. ಹದಿಹರೆಯದ ಕೊನೆಯಿಂದಲೇ ಹಳೆಯ ಗಾಯಗಳಲ್ಲಿ ಚರ್ಮದ ಕ್ಯಾನ್ಸರ್ ಬರುವ ಅಪಾಯವಿದ್ದು, ಈ ರೂಪದ ರೋಗಿಗಳ ಅಕಾಲ ಮರಣಕ್ಕೆ ಅದು ಪ್ರಮುಖ ಕಾರಣ.

ಕಿಂಡ್ಲರ್ ಬಗೆಯನ್ನು 1954ರಲ್ಲಿ ತೆರೇಸಾ ಕಿಂಡ್ಲರ್ ವರ್ಣಿಸಿದರು. ಶೈಶವದಲ್ಲಿ ಗುಳ್ಳೆಗಳಿದ್ದು, ಬೆಳೆದಂತೆ ಅವು ತಗ್ಗಿ, ಬಿಸಿಲಿಗೆ ಚರ್ಮ ಬೇಗ ಕೆಂಪಾಗುವುದು, ಬಣ್ಣಗೆಟ್ಟು ತೆಳುವಾಗುವುದು ಮುಂದಾಗುತ್ತದೆ.

ಇತರ ರೋಗಗಳೊಡನೆ ಗೊಂದಲ

ನವಜಾತ ಶಿಶುವಿನ ಮೈಮೇಲೆ ಗುಳ್ಳೆ ಕಂಡಾಗ ವೈದ್ಯರು ಮೊದಲು ಸೋಂಕನ್ನು ಸಂಶಯಿಸುವುದು ಸರಿಯಾದ ಕ್ರಮವೇ. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾದ ವಿಷದಿಂದ ಸುಟ್ಟಂತೆ ಚರ್ಮ ಸುಲಿಯುವ ರೋಗ, ಹರ್ಪಿಸ್ ಸೋಂಕು, ಜನ್ಮಜಾತ ಸಿಫಿಲಿಸ್ ಇವೆಲ್ಲ ಚಿಕಿತ್ಸೆಯಿಂದ ಗುಣವಾಗುವಂಥವು, ತಡವಾದರೆ ಪ್ರಾಣಾಪಾಯ. ತಾಯಿಗೆ ಪೆಂಫಿಗಸ್ ಇದ್ದರೆ ಆಕೆಯ ಪ್ರತಿಕಾಯಗಳು ಮಗುವಿಗೆ ದಾಟಿ ಕೆಲವು ವಾರ ಗುಳ್ಳೆ ಏಳಿಸಬಹುದು. ಇನ್‌ಕಾಂಟಿನೆಂಷಿಯಾ ಪಿಗ್ಮೆಂಟಿ ಎಂಬ ಮತ್ತೊಂದು ಆನುವಂಶಿಕ ರೋಗ ಮುಖ್ಯವಾಗಿ ಹೆಣ್ಣು ಮಕ್ಕಳಲ್ಲಿ ಕಂಡುಬರುತ್ತದೆ. ಅದರ ಗುಳ್ಳೆಗಳು ಕೈಕಾಲುಗಳ ಉದ್ದಕ್ಕೂ ಗೆರೆ ಗೆರೆಯಾಗಿ ಇರುವುದರಿಂದ ಬೇರ್ಪಡಿಸಿ ಗುರುತಿಸಬಹುದು. ಗರ್ಭದಲ್ಲಿ ಮಗು ತನ್ನ ಕೈಯನ್ನು ತಾನೇ ಚೀಪುವುದರಿಂದ ಮಣಿಕಟ್ಟಿನ ಬಳಿ ಏಳುವ ಒಂದೆರಡು ಗುಳ್ಳೆಗಳು ನಿರಪಾಯಕಾರಿ.

ಜ್ವರವಿಲ್ಲದ, ಪ್ರತಿಜೀವಕ ಔಷಧಿಗೆ ಬಗ್ಗದ, ಹಳೆಯವು ಮಾಯುತ್ತಿದ್ದಂತೆ ಹೊಸ ಜಾಗಗಳಲ್ಲಿ ಏಳುತ್ತಲೇ ಇರುವ ಗುಳ್ಳೆಗಳು ಇ.ಬಿ.ಯತ್ತ ಬೆರಳು ತೋರುತ್ತವೆ. ಹಸಿಗಾಯಕ್ಕೆ ಮೇಲಿಂದ ಸೋಂಕು ತಗುಲಿದರೆ ಎರಡೂ ಒಟ್ಟಿಗೆ ಇರಬಹುದು. ಸುಟ್ಟಗಾಯವೆಂದು ಅಥವಾ ಮಗುವಿಗೆ ಹಿಂಸೆಯಾಗಿದೆಯೆಂದು ತಪ್ಪು ತಿಳಿಯುವ ಪ್ರಸಂಗಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಕರ್ನಾಟಕದಲ್ಲಿ ಚರ್ಮದ ಕಾಯಿಲೆಗಳನ್ನು ನಾಗದೋಷಕ್ಕೂ, ಹುಟ್ಟುದೋಷಗಳನ್ನು ಗರ್ಭಿಣಿ ಗ್ರಹಣ ನೋಡಿದುದಕ್ಕೂ ಜೋಡಿಸುವ ನಂಬಿಕೆಗಳಿವೆ. ಈ ರೋಗಕ್ಕೂ ತಾಯಿ ತಿಂದ ಆಹಾರಕ್ಕೂ, ಆಕೆಯ ನಡವಳಿಕೆಗೂ ಯಾವ ಸಂಬಂಧವೂ ಇಲ್ಲ. ಆದರೂ ಮನೆಯಲ್ಲಿ ದೂರು ಕೇಳಬೇಕಾಗುವುದು ಹೆಚ್ಚಾಗಿ ಅವಳೇ.

ರೋಗನಿರ್ಣಯ

ನವಜಾತ ಶಿಶುವಿನ ಗುಳ್ಳೆಯನ್ನು ಕಣ್ಣಿನಿಂದ ನೋಡಿ ಬಗೆಯನ್ನು ಹೇಳುವುದು ಅನುಭವಿಗಳಿಗೂ ಕಷ್ಟ. ವಯಸ್ಸಾದಂತೆ ಸೌಮ್ಯವಾಗುವ ಸಿಂಪ್ಲೆಕ್ಸ್ ಮೊದಲ ವಾರದಲ್ಲಿ ಮಾರಕ ಜಂಕ್ಷನಲ್‌ಗಿಂತ ಭೀಕರವಾಗಿ ಕಾಣಬಹುದು. ಹೀಗಾಗಿ ಪರೀಕ್ಷೆಗೆ ಮೊದಲು ಭವಿಷ್ಯ ನುಡಿಯುವುದನ್ನು ತಜ್ಞರು ವಿರೋಧಿಸುತ್ತಾರೆ.

ಪರೀಕ್ಷೆಗೆ ಚರ್ಮದ ಸಣ್ಣ ತುಣುಕನ್ನು ಹೊಸದಾಗಿ ಎದ್ದ ಗುಳ್ಳೆಯ ಅಂಚಿನಿಂದ ತೆಗೆಯಬೇಕು. ಹಳೆಯ ಗುಳ್ಳೆಯಲ್ಲಿ ಚರ್ಮ ಆಗಲೇ ಮರುಬೆಳೆದಿರುವುದರಿಂದ ಸೀಳಿನ ಮಟ್ಟ ತಪ್ಪಾಗಿ ಕಾಣುತ್ತದೆ. ಇಮ್ಯುನೊಫ್ಲೋರೆಸೆನ್ಸ್ ಮ್ಯಾಪಿಂಗ್ ಎಂಬ ವಿಧಾನದಲ್ಲಿ ಬೇರೆ ಬೇರೆ ಪ್ರೋಟೀನುಗಳಿಗೆ ಅಂಟಿಕೊಳ್ಳುವ, ಹೊಳೆಯುವ ಬಣ್ಣ ಹೊತ್ತ ಪ್ರತಿಕಾಯಗಳನ್ನು ಬಳಸಿ, ಯಾವ ಪ್ರೋಟೀನು ಇಲ್ಲ ಅಥವಾ ಕಡಿಮೆಯಾಗಿದೆ, ಸೀಳು ಯಾವುದರ ಮೇಲೆ ಅಥವಾ ಕೆಳಗೆ ಇದೆ ಎಂದು ನೋಡಲಾಗುತ್ತದೆ. ಫಲಿತಾಂಶ ಕೆಲವು ದಿನಗಳಲ್ಲಿ ದೊರೆಯುತ್ತದೆ. ರಕ್ತದ ಮಾದರಿಯಿಂದ ವಂಶವಾಹಿಗಳನ್ನು ಓದುವ ಪರೀಕ್ಷೆ ನಿಖರವಾದ ದೋಷವನ್ನು ತಿಳಿಸುತ್ತದೆ. ಅದು ತಿಳಿದಿದ್ದರೆ ತಾಯಿಯ ಮುಂದಿನ ಗರ್ಭದಲ್ಲಿ 11ನೇ ವಾರದ ಆಸುಪಾಸಿನಲ್ಲೇ ಮಾಸುವಿನ ಅಂಶವನ್ನು ಪರೀಕ್ಷಿಸಿ ಮಗುವಿಗೆ ರೋಗವಿದೆಯೇ ಎಂದು ಹೇಳಬಹುದು. ರೋಗವಿರುವ ಮಗು ತೀರಿಕೊಳ್ಳುವ ಸ್ಥಿತಿಯಲ್ಲಿದ್ದರೂ ಅದರ ರಕ್ತದ ಮಾದರಿಯನ್ನು ಕಾಯ್ದಿಡಲು ತಳಿವೈದ್ಯರು ಸಲಹೆ ನೀಡುವುದು ಇದೇ ಕಾರಣಕ್ಕೆ.

ಭಾರತೀಯ ರೋಗಿಗಳಲ್ಲಿ ಈ ಮ್ಯಾಪಿಂಗ್ ವಿಧಾನದ ಬಳಕೆಯ ಕುರಿತು ಬೆಂಗಳೂರಿನ ಚರ್ಮವೈದ್ಯ ರವಿ ಹಿರೇಮಗಳೂರು ಮತ್ತು ಸಂಗಡಿಗರ ಅಧ್ಯಯನವು 2015ರಲ್ಲಿ ಬ್ರಿಟನ್ನಿನ ಚರ್ಮವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರಲ್ಲಿ 86 ರೋಗಿಗಳ ವಿವರಗಳಿವೆ.

ಆನುವಂಶಿಕತೆ

ಸಿಂಪ್ಲೆಕ್ಸ್‌ನ ಬಹುತೇಕ ರೂಪಗಳು ಪ್ರಬಲ. ತಂದೆ ಅಥವಾ ತಾಯಿಗೂ ರೋಗವಿರುತ್ತದೆ, ಇಲ್ಲವೇ ಮಗುವಿನಲ್ಲೇ ಹೊಸದಾಗಿ ದೋಷ ಉಂಟಾಗಿರುತ್ತದೆ. ಜಂಕ್ಷನಲ್, ಕಿಂಡ್ಲರ್ ಮತ್ತು ಡಿಸ್ಟ್ರೋಫಿಕ್‌ನ ತೀವ್ರ ರೂಪಗಳು ಅಪ್ರಬಲ: ತಂದೆತಾಯಿಗಳಿಬ್ಬರೂ ಒಂದೊಂದು ದೋಷಪೂರಿತ ಪ್ರತಿಯನ್ನು ಹೊತ್ತಿದ್ದರೂ ಅವರ ಚರ್ಮ ಪೂರ್ಣ ಆರೋಗ್ಯವಾಗಿರುತ್ತದೆ. ‘ನಮ್ಮ ವಂಶದಲ್ಲಿ ಯಾರಿಗೂ ಇಲ್ಲ’ ಎಂಬ ಮಾತು ರೋಗವನ್ನು ತಳ್ಳಿಹಾಕುವ ಆಧಾರವಾಗದಿರುವುದು ಇದರಿಂದಲೇ. ಇಂತಹ ದಂಪತಿಗಳಿಗೆ ಪ್ರತಿ ಗರ್ಭದಲ್ಲೂ ರೋಗದ ಸಾಧ್ಯತೆ ಶೇಕಡಾ 25. ಒಂದು ಮಗುವಿಗೆ ಬಂದಿತೆಂದು ಮುಂದಿನ ಮೂರು ಮಕ್ಕಳು ಪಾರಾದವೆಂದು ಅರ್ಥವಲ್ಲ.

ಒಂದೇ ಪೂರ್ವಜರಿಂದ ಬಂದ ದೋಷಪೂರಿತ ಪ್ರತಿಗಳು ಮಗುವಿನಲ್ಲಿ ಸೇರುವ ಅವಕಾಶ ರಕ್ತಸಂಬಂಧಿಗಳ ಮದುವೆಯಲ್ಲಿ ಹೆಚ್ಚು. ಸೋದರಮಾವ ಮತ್ತು ಸೊಸೆಯ, ಅತ್ತೆಯ ಮಗ ಮತ್ತು ಮಾವನ ಮಗಳ ಮದುವೆಗಳು ದಕ್ಷಿಣ ಕರ್ನಾಟಕದ ಹಲವು ಸಮುದಾಯಗಳಲ್ಲಿ ರೂಢಿಯಲ್ಲಿವೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳನ್ನು ಒಳಗೊಂಡ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗ ರಕ್ತಸಂಬಂಧದವು ಎಂದು ಕಂಡುಬಂದಿತ್ತು. ಹಾಗೆಂದು ಇಂತಹ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ.

ಶಿಶುವಿನ ಆರೈಕೆ

ರೋಗಕ್ಕೆ ಸಂಪೂರ್ಣ ಪರಿಹಾರವಿಲ್ಲದಿದ್ದರೂ ಹೊಸ ಗಾಯಗಳನ್ನು ತಡೆಯುವುದು ಬಹಳ ಮಟ್ಟಿಗೆ ಸಾಧ್ಯ. ಮಗುವನ್ನು ಕಂಕುಳಿನಿಂದ ಎತ್ತದೆ, ಕತ್ತಿನ ಕೆಳಗೆ ಒಂದು ಕೈ, ಕುಂಡೆಯ ಕೆಳಗೆ ಒಂದು ಕೈ ಇಟ್ಟು, ಸಾಧ್ಯವಾದರೆ ಮೆತ್ತನೆಯ ಹಾಸಿಗೆಯೊಂದಿಗೇ ಎತ್ತಲಾಗುತ್ತದೆ. ಹೊಕ್ಕುಳಿನ ಪ್ಲಾಸ್ಟಿಕ್ ಕ್ಲಿಪ್ಪಿನ ಬದಲು ದಾರ ಕಟ್ಟುತ್ತಾರೆ. ಮಣಿಕಟ್ಟಿನ ಪಟ್ಟಿಯನ್ನು ತೆಗೆದು ಹಾಸಿಗೆಗೆ ಅಂಟಿಸುತ್ತಾರೆ. ಅವಧಿಪೂರ್ವ ಜನನದಂತಹ ಬೇರೆ ಕಾರಣವಿಲ್ಲದಿದ್ದರೆ ಬಿಸಿಪೆಟ್ಟಿಗೆಯಲ್ಲಿ ಇಡುವುದಿಲ್ಲ, ಏಕೆಂದರೆ ಶಾಖ ಮತ್ತು ತೇವಾಂಶ ಗುಳ್ಳೆಗಳನ್ನು ಹೆಚ್ಚಿಸುತ್ತವೆ. ಬಟ್ಟೆಯನ್ನು ಹೊಲಿಗೆ ಹೊರಬದಿಗೆ ಬರುವಂತೆ ತಿರುವಿ ತೊಡಿಸಬೇಕು.

ಗುಳ್ಳೆಯನ್ನು ಹಾಗೇ ಬಿಡುವುದು ಲೇಸೆಂಬ ಸಾಮಾನ್ಯ ತಿಳಿವಳಿಕೆ ಇಲ್ಲಿ ಅನ್ವಯಿಸುವುದಿಲ್ಲ. ಶುದ್ಧೀಕರಿಸಿದ ಸೂಜಿಯಿಂದ ಗುಳ್ಳೆಯ ತಗ್ಗಿನ ಬದಿಯಲ್ಲಿ ಚುಚ್ಚಿ ನೀರನ್ನು ಹೊರಬಿಟ್ಟು, ಮೇಲಿನ ಚರ್ಮವನ್ನು ಕೀಳದೆ ಸಹಜ ಹೊದಿಕೆಯಾಗಿ ಉಳಿಸಿಕೊಳ್ಳಬೇಕು. ನಂತರ ಅಂಟಿಲ್ಲದ ಸಿಲಿಕೋನ್ ಪಟ್ಟಿಯನ್ನೋ ವ್ಯಾಸಲೀನ್ ಸವರಿದ ಹತ್ತಿಬಟ್ಟೆಯನ್ನೋ ಇಟ್ಟು ಸಡಿಲವಾಗಿ ಸುತ್ತಲಾಗುತ್ತದೆ. ಬೆರಳುಗಳ ನಡುವೆ ಪ್ರತ್ಯೇಕ ಪಟ್ಟಿ ಅಗತ್ಯ. ವಿಶೇಷ ಪಟ್ಟಿಗಳು ದುಬಾರಿ. ನಿತ್ಯ ಬದಲಾಯಿಸಬೇಕಾದ ಕುಟುಂಬಕ್ಕೆ ಅದೇ ದೊಡ್ಡ ಹೊರೆ. ಸುಟ್ಟಗಾಯ ಮತ್ತು ವಿಸ್ತಾರವಾಗಿ ಚರ್ಮ ಸುಲಿಯುವ ರೋಗಗಳಲ್ಲಿ ಶುದ್ಧೀಕರಿಸಿದ ಬಾಳೆಎಲೆಯ ಮೇಲೆ ರೋಗಿಯನ್ನು ಮಲಗಿಸುವ ಪದ್ಧತಿ ಭಾರತದ ಆಸ್ಪತ್ರೆಗಳಲ್ಲಿದೆ. ಎಲೆಯ ಮೇಣದಂತಹ ನುಣುಪು ಮೈ ಗಾಯಕ್ಕೆ ಅಂಟಿಕೊಳ್ಳದಿರುವುದೇ ಇದರ ಗುಣ.

ಕನ್ನಡನಾಡಿನ ಬಾಣಂತನದ ಪದ್ಧತಿಗಳು ಈ ಮಕ್ಕಳ ವಿಷಯದಲ್ಲಿ ಬದಲಾಗಬೇಕಾಗುತ್ತದೆ. ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವುದು, ಹಿಟ್ಟು ಹಚ್ಚಿ ಉಜ್ಜುವುದು, ಬಿಸಿನೀರನ್ನು ಎತ್ತರದಿಂದ ಎರೆಯುವುದು ಇವೆಲ್ಲ ಆರೋಗ್ಯವಂತ ಮಗುವಿಗೆ ಹಿತವೆನಿಸಿದರೂ ಇಲ್ಲಿ ಮೈಯ ಚರ್ಮವನ್ನೇ ಸುಲಿಯಬಲ್ಲವು. ಉಡುದಾರ, ಕೈಬಳೆ, ಕಾಲ್ಕಡಗ, ಕೊರಳಿನ ತಾಯಿತ ತಾಗುವಲ್ಲೆಲ್ಲ ಗುಳ್ಳೆ ಏಳುತ್ತದೆ. ನಡುವಿನ ಸುತ್ತ ದಾರದ ಗೆರೆಯಂತೆಯೇ ಎದ್ದ ಗುಳ್ಳೆಗಳು ಸ್ವತಃ ಒಂದು ಸುಳಿವಾಗಬಲ್ಲವು. ಎದೆಹಾಲು ನಿಷಿದ್ಧವಲ್ಲ, ಮಗುವಿನ ತುಟಿಗೂ ಮೊಲೆತೊಟ್ಟಿಗೂ ವ್ಯಾಸಲೀನ್ ಸವರಿ ಕುಡಿಸಬಹುದು, ಸಾಧ್ಯವಾಗದಿದ್ದರೆ ಹಿಂಡಿ ಮೃದುವಾದ ತೊಟ್ಟಿನಿಂದ ಕೊಡಬಹುದು. ವೈದ್ಯರ ಸೂಚನೆಯಂತೆ ಲಸಿಕೆಗಳನ್ನೂ ಹಾಕಿಸಬೇಕು. ಸೂಜಿಯಿಂದ ತೊಂದರೆಯಿಲ್ಲ, ಚುಚ್ಚುವ ಮೊದಲು ಹತ್ತಿಯಿಂದ ಉಜ್ಜುವುದು ಮತ್ತು ನಂತರ ಪಟ್ಟಿ ಅಂಟಿಸುವುದೇ ಅಪಾಯ.

ಹೊಸ ಚಿಕಿತ್ಸೆಗಳು

2017ರಲ್ಲಿ ಜಂಕ್ಷನಲ್ ಬಗೆಯ ಏಳು ವರ್ಷದ ಬಾಲಕನೊಬ್ಬನಿಗೆ ಜರ್ಮನಿಯ ಬೋಖುಮ್‌ನಲ್ಲಿ ನಡೆಸಿದ ಚಿಕಿತ್ಸೆಯ ವರದಿ ಪ್ರಕಟವಾಯಿತು. ಅವನದೇ ಚರ್ಮಕೋಶಗಳ ವಂಶವಾಹಿಯನ್ನು ಸರಿಪಡಿಸಿ, ಪ್ರಯೋಗಾಲಯದಲ್ಲಿ ಹಾಳೆಗಳಾಗಿ ಬೆಳೆಸಿ, ದೇಹದ ಸುಮಾರು ಶೇಕಡಾ 80 ಭಾಗಕ್ಕೆ ಕಸಿ ಮಾಡಲಾಗಿತ್ತು. 2023ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಡಿಸ್ಟ್ರೋಫಿಕ್ ಬಗೆಯ ಗಾಯಗಳಿಗೆ ಹಚ್ಚುವ ವೈಜುವೆಕ್ ಎಂಬ ಲೇಪಕ್ಕೆ ಅನುಮತಿ ನೀಡಿತು. ಮಾರ್ಪಡಿಸಿದ ಹರ್ಪಿಸ್ ವೈರಸ್ಸು ಇದರಲ್ಲಿ 7ನೇ ಬಗೆಯ ಕೊಲಾಜನ್‌ನ ವಂಶವಾಹಿಯನ್ನು ಗಾಯದೊಳಕ್ಕೆ ಸಾಗಿಸುತ್ತದೆ. ಬರ್ಚ್ ಮರದ ತೊಗಟೆಯ ಸಾರದ ಲೇಪವೊಂದು ಯುರೋಪಿನಲ್ಲಿ 2022ರಿಂದ ಬಳಕೆಯಲ್ಲಿದೆ.

ಬೆಂಗಳೂರಿನಲ್ಲಿ ಸೌಲಭ್ಯಗಳು

ಭಾರತ ಸರ್ಕಾರದ 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಡಿ ಕರ್ನಾಟಕದಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳನ್ನು ಜಂಟಿಯಾಗಿ ಉತ್ಕೃಷ್ಟತಾ ಕೇಂದ್ರವೆಂದು ಗುರುತಿಸಲಾಗಿದೆ. ಎರಡೂ ದಕ್ಷಿಣ ಬೆಂಗಳೂರಿನ ಕಡೆಗಿವೆ. ಹೊಸೂರು ರಸ್ತೆಯ ಮೇಲಿನ ಬೊಮ್ಮನಹಳ್ಳಿಯಿಂದ ದಕ್ಷಿಣಕ್ಕೆ ಹೋದರೆ ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿ ತಳಿವಿಜ್ಞಾನ ಕೇಂದ್ರವಿದೆ; ಮಕ್ಕಳ ಆಸ್ಪತ್ರೆ ಜಯನಗರದ ಅಂಚಿನಲ್ಲಿ, ನಿಮ್ಹಾನ್ಸ್ ಸಮೀಪದಲ್ಲಿದೆ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಚರ್ಮರೋಗ ಮತ್ತು ನವಜಾತ ಶಿಶು ವಿಭಾಗಗಳಿವೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಕಾರ್ಮಿಕ ಕುಟುಂಬಗಳು ದಟ್ಟವಾಗಿರುವ ಬೊಮ್ಮನಹಳ್ಳಿಯಂತಹ ಪ್ರದೇಶದಲ್ಲಿ ಹೆರಿಗೆಗಳು ಸಣ್ಣ ನರ್ಸಿಂಗ್ ಹೋಮ್‌ಗಳಲ್ಲೂ ಆಗುತ್ತವೆ, ಮತ್ತು ತಾಯಿ ಮಗು ಕೆಲವೇ ದಿನಗಳಲ್ಲಿ ಮನೆಗೆ ಮರಳುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ಶಿಶುವನ್ನು ನೋಡಲು ಆಶಾ ಕಾರ್ಯಕರ್ತೆಯರು ಮೊದಲ 42 ದಿನಗಳಲ್ಲಿ ಆರು ಬಾರಿ ಮನೆಗೆ ಭೇಟಿ ನೀಡಬೇಕೆಂಬ ನಿಯಮವಿದೆ. ಮನೆಗೆ ಮರಳಿದ ಮೇಲೆ ಕಾಣಿಸಿಕೊಳ್ಳುವ ಗುಳ್ಳೆಗಳನ್ನು ಗಮನಿಸಿ, ಮಗುವನ್ನು ಮಕ್ಕಳ ಆಸ್ಪತ್ರೆಗೆ ಕಳುಹಿಸಲು ಈ ಭೇಟಿಗಳು ಅವಕಾಶ ಒದಗಿಸುತ್ತವೆ.